ಮುದ್ದೆ ಆರುವ ಮುಂಚೆ

ತಳಿ ಊರಿನ ಹತ್ತಿರದ ಚರ್ಚಿನ ನರ್ಸರಿಯಲ್ಲಿ ನಾನು ಟೀಚರು. ಅಕ್ಷರಕ್ಕಿಂತ ಮೊದಲು ಊಟದ ಪ್ರಾರ್ಥನೆ ಕಲಿಸುತ್ತೇನೆ. ದೇವರಿಗೆ ಸ್ತೋತ್ರ ಹೇಳಿ, ಬೇಯಿಸಿದವರ ಹೆಸರನ್ನೂ ಹೇಳಿ ಕೈ ಮುಗಿದ ಮೇಲೆಯೇ ತುತ್ತು.

ಒಂದು ಬೆಳಿಗ್ಗೆ ನಾಲ್ಕು ವರ್ಷದ ಮಂಜುಳಾಳ ತಾತ ಸಿಟ್ಟಿನಲ್ಲಿ ಬಂದರು.

"ಏನ್ ಟೀಚರಮ್ಮ, ನಿಮ್ ಪ್ರಾರ್ಥನೆ ಮುಗಿಯೋದ್ರೊಳ್ಗೆ ನಮ್ಮನೇಲಿ ಮುದ್ದೆ ಆರೋಯ್ತದೆ. ಕೈ ಮುಗೀದೆ ಯಾರ್ನೂ ಉಣ್ಣಕ್ ಬಿಡಲ್ಲ ನಮ್ ಮಗು."

ಮಗುವನ್ನೇ ಬಿಡಿಸಿಕೊಂಡು ಹೋಗುತ್ತಾರೇನೋ ಅಂತ ಹೆದರಿದೆ. ಆದರೂ ಜಗ್ಗಲಿಲ್ಲ.

"ಮನೇಲಿ ನಿಮ್ಮ ದೇವರನ್ನೇ ನೆನೀಲಿ, ತಾತ. ನೆನೆಯೋದನ್ನ ಮಾತ್ರ ನಾನು ಬಿಡಿಸಲ್ಲ."

"ಬಿಡ್ಸು ಅಂದೋರ್ ಯಾರು? ದೇವ್ರಾಯ್ತು, ಬೇಯ್ಸಿದ್ ಅವ್ಳವ್ವ ಆಯ್ತು, ಮುದ್ದೆ ಕೋಲೂ ಆಯ್ತು. ರಾಗಿ ಬೆಳ್ದೋನು ನಾನು, ನನ್ನೆಸ್ರೇ ಇಲ್ವಲ್ಲ!"

ಅವತ್ತಿನಿಂದ ಪ್ರಾರ್ಥನೆಗೆ ಒಂದು ಸಾಲು ಜಾಸ್ತಿ. ಈಗ ನಮ್ಮ ಶಾಲೆಯ ಊಟವೂ ತಣ್ಣಗೇ.