ಬೆರಳಿಟ್ಟು ನೋಡಿ ಎಂದವಳು ನೀಲವ್ವ

ಸುಂಕದಕಟ್ಟೆಯ ನರ್ಸರಿಯಲ್ಲಿ ಆ ಸಲ ಪೆಟುನಿಯಾ ಸಸಿಗಳನ್ನು ಕೊಂದವಳು ನಾನು. ನೀಲವ್ವ ಅಲ್ಲ. ಹನ್ನೊಂದು ವರ್ಷ ಈ ಎರಡು ವಾಕ್ಯಗಳನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡೇ ಉಂಡಿದ್ದೇನೆ, ಪಾಠ ಹೇಳಿದ್ದೇನೆ, ಶಾಲು ಹೊದಿಸಿಕೊಂಡಿದ್ದೇನೆ. ಈಗ ಹೇಳುತ್ತಿದ್ದೇನೆ, ಯಾರು ಏನಾದರೂ ಅಂದುಕೊಳ್ಳಲಿ.

ಇದನ್ನು ಓದಿದ ಕೂಡಲೇ ಕೆಲವರು ನಾನು ಸಸಿಗಳಿಗೆಂದು ಮಾರುವ ಮರದ ನಾರಿನ ಮೇಲೆ ಎಗರಿ ಬೀಳುತ್ತಾರೆಂದು ಬಲ್ಲೆ — ನಾವು ಆಗಲೇ ಹೇಳಿರಲಿಲ್ಲವೇ ಎಂದು. ಬೇಡ. ಬೈಯುವುದಿದ್ದರೆ ನನ್ನನ್ನು ಬೈಯಿರಿ. ನಾರು ಅಂದೂ ಒಳ್ಳೆಯದೇ ಇತ್ತು, ಇಂದೂ ಒಳ್ಳೆಯದೇ. ಅದರ ಪರವಾಗಿ ಆಡಿದ ಒಂದು ಮಾತನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆಗ ನಾನು ರುದ್ರಪ್ಪನವರ ನರ್ಸರಿಯಲ್ಲಿ ಮೇಲ್ವಿಚಾರಕಿ. ಅವರು ದಾವಣಗೆರೆ ಕಡೆಯವರು, ಮಾತಿಗೆ ನಿಂತರೆ ಕಲ್ಲು. ಬೀಜ ಮೊಳೆಸುವ ಟ್ರೇಗಳಿಗೆ ಹೊರದೇಶದ ಪೀಟ್ ಬಿಟ್ಟು ಬೇರೇನನ್ನೂ ತುಂಬಿಸುತ್ತಿರಲಿಲ್ಲ. ಪೀಟ್ ಎಂದರೆ ಚಳಿ ದೇಶಗಳ ಜವುಗಿನಲ್ಲಿ ಪಾಚಿ ತಲೆತಲಾಂತರ ಅರೆಕೊಳೆತು ಆಗುವ ಕಪ್ಪು ಪದಾರ್ಥ. ಅದನ್ನು ಅಗೆದು, ಹಡಗು ಹತ್ತಿಸಿ ತಂದು, ಮಾಗಡಿ ರಸ್ತೆಯಲ್ಲಿ ಮೂರು ತಿಂಗಳು ಬಾಳುವ ಹೂವಿಗೆ ಹಾಕುವುದು — ಒಂದೊಂದು ಮೂಟೆ ಬಿಚ್ಚುವಾಗಲೂ ನನಗೆ ಹೊಟ್ಟೆ ಉರಿಯುತ್ತಿತ್ತು. ತೆಂಗಿನ ನಾರಿನ ಪುಡಿಯ ಹೆಸರು ಎತ್ತುವಂತಿರಲಿಲ್ಲ. ಒಮ್ಮೆ ಉಪ್ಪು ಹೆಚ್ಚಿದ್ದ ಸರಕು ಬಂದು ಸಸಿಗಳು ಸುಟ್ಟಿದ್ದವು, ಅದನ್ನು ಅವರು ಮರೆತಿರಲಿಲ್ಲ.

ನಾಯಂಡಹಳ್ಳಿಯ ಗೋದಾಮೊಂದರಲ್ಲಿ ನನ್ನ ಪರಿಚಯದವರೊಬ್ಬರು ಒಡೆದ ಮರದ ಪೆಟ್ಟಿಗೆಗಳನ್ನು ಹಬೆಯಲ್ಲಿ ಮೆದುಮಾಡಿ ಎಳೆ ಎಳೆಯಾಗಿ ಬಿಡಿಸುವ ಯಂತ್ರ ಇಟ್ಟಿದ್ದರು. ಅದು ಮರದ ಹೊಟ್ಟಲ್ಲ. ಹಿಂಜಿದ ಹತ್ತಿಯ ಹಾಗೆ ಹಗುರಾದ, ಬೇರಿಗೆ ಉಸಿರಾಡಲು ಜಾಗ ಬಿಡುವ ನಾರು. ಒಂದು ಚೀಲ ತಂದು ರುದ್ರಪ್ಪನವರ ಮುಂದೆ ಸುರಿದೆ. ಅವರು ಚಿಟಿಕೆಯಷ್ಟು ಎತ್ತಿ ಮೂಸಿದರು.

“ಕಟ್ಟಿಗೆ ಒಲೆಗಿಡೋದಮ್ಮ, ಬೇರಿಗಲ್ಲ.”

ಕೆಲಸದವರೆಲ್ಲ ನಕ್ಕರು. ನೀಲವ್ವನೂ ನಕ್ಕಳು. ಅದನ್ನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೇನೆಂದರೆ ನನ್ನ ಮನಸ್ಸು ಎಂಥದ್ದೆಂದು ನೀವೇ ನೋಡಿ.

ಬಡಾವಣೆಯೊಂದರ ಉದ್ಯಾನಕ್ಕೆ ಪೆಟುನಿಯಾ ಬೆಳೆಸಿ ಕೊಡಬೇಕಾಗಿ ಬಂತು. ಪೀಟಿಗೆ ಅರ್ಧಕ್ಕರ್ಧ ನಾರು ಬೆರೆಸಿ ಟ್ರೇ ತುಂಬಿಸಿದೆ. ಯಾರಿಗೂ ಹೇಳಲಿಲ್ಲ. ಹೂ ಬಿಟ್ಟ ದಿನ ಹೇಳಿ ರುದ್ರಪ್ಪನವರ ಬಾಯಿ ಮುಚ್ಚಿಸಬೇಕು — ಅಷ್ಟೇ ನನ್ನ ಹಟ.

ನೀಲವ್ವ ಬಾಗಲಕೋಟೆ ಕಡೆಯವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬಂದು ನರ್ಸರಿಯ ಮೂಲೆಯ ಶೀಟಿನ ಕೋಣೆಯಲ್ಲಿದ್ದಳು. ಕೆಲಸ ಇರುವ ತನಕ ಕೋಣೆ. ಸಸಿಗಳಿಗೆ ನೀರು ಹಾಕುವ ಕೆಲಸ ಅವಳೊಬ್ಬಳದೇ, ಅದಕ್ಕೆ ಬೇರೆಯವರು ಕೈ ಹಾಕಿದರೆ ಅವಳಿಗೆ ಸೇರುತ್ತಿರಲಿಲ್ಲ. ಪೀಟಿನಲ್ಲಿ ಬಣ್ಣ ನೋಡಿ ನೀರು ಹಾಕುತ್ತಾರೆ. ಕಪ್ಪಗಿದ್ದರೆ ಹಸಿ, ಕಂದಾದರೆ ಒಣಗಿದೆ. ನಾರು ಬೆರೆತಾಗ ಈ ಗುರುತು ಕೆಲಸಕ್ಕೆ ಬಾರದು. ಮೇಲ್ಪದರ ಬೇಗ ಒಣಗಿ ಬಿಳಿಚುತ್ತದೆ, ತಳದಲ್ಲಿ ನೀರು ಇದ್ದೇ ಇರುತ್ತದೆ. ಓದಿದ ನನಗೆ ಇದು ಗೊತ್ತಿರಲಿಲ್ಲ. ನೀಲವ್ವನಿಗೆ ಮೂರನೇ ದಿನಕ್ಕೇ ಗೊತ್ತಾಯಿತು. ಪೈಪನ್ನು ಕೆಳಗಿಟ್ಟು ನನ್ನ ಹತ್ತಿರ ಬಂದಳು.

“ಅಕ್ಕಾರ, ಮ್ಯಾಲಿನ ಬಣ್ಣ ನಂಬಬ್ಯಾಡ್ರಿ. ಬೆರಳಿಟ್ಟ ನೋಡ್ರಿ, ತಳದಾಗ ಹಸಿ ಐತಿ.”

ಇಟ್ಟು ನೋಡಿದೆ. ಹಸಿಯೇ ಇತ್ತು. ಅಲ್ಲಿಗೆ ನೀರು ನಿಲ್ಲಿಸಿದ್ದರೆ ನಾನಿದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಮೇಲೆ ಒಣಗಿದಲ್ಲೆಲ್ಲ ನಾರಿನ ಬಿಳಿ ಎಳೆಗಳು ಎದ್ದು ಕಾಣುತ್ತಿದ್ದವು. ದಿನಾ ಹತ್ತು ಗಂಟೆಗೆ ರುದ್ರಪ್ಪನವರು ಟ್ರೇಗಳ ಸಾಲಿನ ನಡುವೆ ಓಡಾಡುತ್ತಿದ್ದರು. ನೀರು ಬಿದ್ದರೆ ಎಲ್ಲ ಕಪ್ಪಾಗುತ್ತದೆ, ನಾರು ಕಾಣುವುದಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನನ್ನ ಬಾಯಿಂದ ಬಂದ ಮಾತು ಇದು —

“ನಂಗೇ ಪಾಠ ಹೇಳ್ಬೇಡ ನೀಲವ್ವ. ಮೇಲೆ ಒಣಗಬಾರ್ದು, ಅಷ್ಟೇ. ಹಾಕ್ತಾ ಇರು.”

ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಹಾಕಿದಳು. ದಿನಕ್ಕೆ ಮೂರು ಸಲ, ನಾನು ಹೇಳಿದಂತೆ. ಗೊಬ್ಬರದ ಸತ್ವವೆಲ್ಲ ನೀರಿನ ಜೊತೆ ಹರಿದುಹೋಯಿತು. ಅಳಿದುಳಿದದ್ದನ್ನು ಹಸಿ ನಾರೇ ಹೀರಿಕೊಂಡಿತು — ಹೊಸ ನಾರಿಗೆ ಅದರ ಪಾಲಿನ ಸಾರಜನಕವನ್ನು ಬೇರೆಯಾಗಿ ಕೊಡಬೇಕೆಂಬುದನ್ನು ನಾನು ಕಲಿತದ್ದು ಆಮೇಲೆ. ಎರಡು ವಾರದಲ್ಲಿ ಎಲೆ ಹಳದಿಯಾಯಿತು, ಬೇರು ಕೊಳೆಯಿತು.

ರುದ್ರಪ್ಪನವರು ಒಂದು ಸಸಿ ಕಿತ್ತರು. ಕಂದು ಬೇರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೀರು ಹಾಕಿದ್ದು ಯಾರೆಂದು ಕೇಳಿದರು. ನಾನ್ರಿ ಎಂದು ನೀಲವ್ವ ನನ್ನ ಕಡೆ ನೋಡಿದಳು. ನಾನು ಟ್ರೇ ನೋಡುತ್ತಿದ್ದೆ. ಆಮೇಲೆ ಅವರು ನನ್ನನ್ನೇ ಕೇಳಿದರು, ನೀವೇನಂತೀರಿ ಎಂದು.

“ನೀರು ಜಾಸ್ತಿ ಆಗಿದೆ ಸಾರ್.”

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಷ್ಟು ನಿಜವಾದ ಮಾತಿನಿಂದ ಒಬ್ಬಳ ಮನೆ ತೆಗೆಯಬಹುದೆಂದು ಅವತ್ತು ತಿಳಿಯಿತು. ರುದ್ರಪ್ಪನವರು ನೀಲವ್ವನನ್ನು ಅಲ್ಲೇ ಕೆಲಸದಿಂದ ತೆಗೆದರು. ಸಂಜೆಯೊಳಗೆ ಕೋಣೆ ಖಾಲಿ ಮಾಡಿ, ಗಂಟು ಹೊತ್ತು ಬಸ್ ಸ್ಟಾಪಿನ ಕಡೆ ನಡೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎತ್ತು ಗೇಟಿನಲ್ಲೇ ನಿಂತು ನೋಡುತ್ತಿತ್ತು.

ಮರುವರ್ಷ ನಾನೂ ಕೆಲಸ ಬಿಟ್ಟೆ. ನಾಯಂಡಹಳ್ಳಿಯಲ್ಲಿ ನಾರಿನ ಮಿಶ್ರಣವನ್ನು ನಾನೇ ಮಾಡತೊಡಗಿದೆ, ಈ ಸಲ ಸರಿಯಾಗಿ, ಸಾರಜನಕ ಕೂಡಿಸಿ, ಹದ ನೋಡಿ. ಪೀಟ್ ಇಲ್ಲದೆ ಸಸಿ ಏಳುವುದಿಲ್ಲ ಎಂದವರೇ ಈಗ ಒಯ್ಯುತ್ತಾರೆ. ವಿಜಯನಗರದಲ್ಲಿ, ರಾಜಾಜಿನಗರದಲ್ಲಿ ತಾರಸಿ ತೋಟದವರಿಗೆ ತರಗತಿ ನಡೆಸುತ್ತೇನೆ. ಚೀಲದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿದ್ದೇನೆ — ‘ಮೇಲಿನ ಬಣ್ಣ ನಂಬಬೇಡಿ, ಬೆರಳಿಟ್ಟು ನೋಡಿ.’ ಎಷ್ಟು ಸರಳವಾಗಿ ಹೇಳಿದಿರಿ ಮೇಡಂ ಎನ್ನುತ್ತಾರೆ ಜನ. ನಾನು ನಗುತ್ತೇನೆ. ಹೌದು, ಅವಳ ಕೆಲಸ ಕಳೆದದ್ದು ಸಾಲದೆಂದು ಅವಳ ಮಾತನ್ನೂ ಕದ್ದೆ.

ಹೋದ ತಿಂಗಳು ಕೆಂಗೇರಿ ಉಪನಗರದ ಅಪಾರ್ಟ್‌ಮೆಂಟೊಂದರಲ್ಲಿ ತರಗತಿಯಿತ್ತು. ಕುಂಡ ಎತ್ತಿ ತೋರಿಸಿ ಅದೇ ಮಾತು ಹೇಳಿದೆ. ಚಪ್ಪಾಳೆ ಬಿತ್ತು. ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದ ಹೆಂಗಸು ಮಾತ್ರ ಕೋಲು ಹಿಡಿದು ನೆಟ್ಟಗೆ ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು. ನೋಟ ಅದೇ.

ಎಲ್ಲರೂ ಹೋದ ಮೇಲೆ ಹತ್ತಿರ ಹೋದೆ. ನಾರು ಬೆರೆಸಿದ್ದು ನಾನು, ಬಿಳಿ ಎಳೆ ಮುಚ್ಚಲೆಂದೇ ನಿನ್ನಿಂದ ನೀರು ಹಾಕಿಸಿದೆ ಎಂದು ಹೇಳಿದೆ. ತನಗೆ ಆವತ್ತೇ ಗೊತ್ತಿತ್ತು ಎಂದಳು — ಬೆರಳಿಗೆ ನಾರು ಹತ್ತಿತ್ತಲ್ಲ. ಹಾಗಾದರೆ ಯಾಕೆ ಬಾಯಿ ಬಿಡಲಿಲ್ಲ?

“ನೀವ ಹೇಳ್ತೀರಂತ ಕಾದ್ನಿ.”

ಸಸಿ ಕೊಳೆಸಿದವಳು ಎಂಬ ಹೆಸರು ಮಾಗಡಿ ರಸ್ತೆಯ ನರ್ಸರಿಗಳಿಗೆಲ್ಲ ಅವಳಿಗಿಂತ ಮುಂಚೆ ತಲುಪಿತ್ತಂತೆ. ಅಲ್ಲಿಂದೀಚೆಗೆ ಯಾರೂ ಅವಳ ಕೈಗೆ ಪೈಪು ಕೊಟ್ಟಿಲ್ಲ. ನನ್ನಲ್ಲಿಗೆ ಬಾ, ನೀರಿನ ಉಸ್ತುವಾರಿ ನಿನ್ನದೇ, ಚೀಲದ ಮೇಲೆ ನಿನ್ನ ಹೆಸರು ಹಾಕಿಸುತ್ತೇನೆ ಎಂದೆ. ಅವಳು ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಹಿಂಡಿದಳು.

“ಚೀಲದ ಮ್ಯಾಲ ಬ್ಯಾಡ್ರಿ. ಸಾಹುಕಾರ್ರ ಮುಂದ ಅನ್ರಿ.”

ಹಳೇ ಕತೆ ಕೆದಕಬೇಡ, ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಬೀಳಲಿ. ರುದ್ರಪ್ಪನವರು ಇನ್ನೂ ಇದ್ದಾರೆ, ಊರುಗೋಲು ಹಿಡಿದು ಈಗಲೂ ಹತ್ತು ಗಂಟೆಗೆ ಸಾಲುಗಳ ನಡುವೆ ನಡೆಯುತ್ತಾರೆ. ನಾಳೆ ಹತ್ತಕ್ಕೆ ನಾನು ಅಲ್ಲಿರುತ್ತೇನೆ. ಕೆಲಸದವರೆಲ್ಲ ಕೇಳುವಂತೆ ಹೇಳುತ್ತೇನೆ. ಕಟ್ಟಿಗೆ ಒಲೆಗೇ ಎಂದು ಅವರು ಮತ್ತೆ ನಕ್ಕರೆ ನಾರಿನ ಪರವಾಗಿ ಜಗಳಕ್ಕೇ ನಿಲ್ಲುತ್ತೇನೆ. ನನ್ನ ಪರವಾಗಿ ಹೇಳಲು — ಏನೂ ಇಲ್ಲ.

ಅರ್ಧಕ್ಕರ್ಧ ನಾರು ಹಾಕಿದ ಒಂದು ಟ್ರೇ ಕೂಡ ಒಯ್ಯುತ್ತಿದ್ದೇನೆ. ಎರಡು ದಿನದಿಂದ ಮೇಲೆ ಒಣಗಿ ಬಿಳಿ ಎಳೆಗಳೆಲ್ಲ ಎದ್ದು ಕಾಣುತ್ತಿವೆ. ಅದರ ಮೇಲೆ ನಾನು ನೀರು ಚಿಮುಕಿಸುವುದಿಲ್ಲ.