ಕಲ್ಲು ಕಿತ್ತವರ ತೋಟದಲ್ಲಿ ದುರ್ಗಾಂಬಿಕಾ ಮೇಡಂ ಅವರಿಗೆ ಸನ್ಮಾನ

ಜಗಳೂರು, ಹೊನ್ನಾಳಿ, ಚನ್ನಗಿರಿ, ನ್ಯಾಮತಿ ಭಾಗದ ಪ್ರೌಢಶಾಲೆಗಳಲ್ಲಿ ಕಳೆದ ಮೂರೂವರೆ ದಶಕಗಳಲ್ಲಿ ಸಮಾಜ ವಿಜ್ಞಾನ ಬೋಧಿಸಿದ ಸಮರ್ಥ ಶಿಕ್ಷಕರು ಅನೇಕರಿದ್ದಾರೆ. ಆದರೆ ಭೂಪಟದ ಮೇಲಿನ ಒಂದು ನೀಲಿ ಮಚ್ಚೆಯನ್ನು ತೋರಿಸಿ, "ಇದರ ಅಡಿಯಲ್ಲಿ ಯಾರ ಮನೆ ಇತ್ತು, ನಿಮ್ಮ ಅಜ್ಜಿಯನ್ನು ಕೇಳಿಕೊಂಡು ಬನ್ನಿ" ಎಂದು ಮಕ್ಕಳನ್ನು ಮನೆಗೆ ಅಟ್ಟಿದವರು ಶ್ರೀಮತಿ ದುರ್ಗಾಂಬಿಕಾ ಅವರೊಬ್ಬರೇ. ಸವಳಂಗದ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಅವರನ್ನು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅಭಿನಂದಿಸುತ್ತಿರುವುದು ಯೋಗ್ಯವಾದ ಕೆಲಸ. ಈ ಅಭಿನಂದನ ಗ್ರಂಥಕ್ಕೆ ಲೇಖನ ಬರೆಯುವವರಿಗೆ ಸನ್ಮಾನ ಸಮಿತಿಯ ಅಧ್ಯಕ್ಷರು ಒಂದು ಸೂಚನೆಯನ್ನೂ ಕೊಟ್ಟಿದ್ದಾರೆ: ಮೇಡಂ ಅವರ ಶಾಂತ ಸ್ವಭಾವದ ಬಗ್ಗೆ ಬರೆಯಿರಿ, ವಿವಾದದ ವಿಷಯ ಬೇಡ. ಮೇಡಂ ಶಾಂತ ಸ್ವಭಾವದವರೆಂದು ಅಧ್ಯಕ್ಷರಿಗೆ ಯಾರು ಹೇಳಿದರೋ ತಿಳಿಯದು. ಅವರ ಸಿಟ್ಟಿನ ನೆರಳಿನಲ್ಲಿ ಬೆಳೆದವರು ನಾವು. ಆ ಸಿಟ್ಟನ್ನು ಬಿಟ್ಟು ಅವರ ಬಗ್ಗೆ ಬರೆಯುವುದೆಂದರೆ ಉಪ್ಪು ಹಾಕದ ಸಾರು ಬಡಿಸಿದಂತೆ. ಆದ್ದರಿಂದ ಅಧ್ಯಕ್ಷರ ಕ್ಷಮೆ ಕೋರಿ, ವಿವಾದದಿಂದಲೇ ಶುರು ಮಾಡುತ್ತೇವೆ.

ಮೇಡಂ ಹುಟ್ಟಿದ ಊರು ಬಿದರಗಾವಲು. ಸವಳಂಗದಿಂದಾಚೆ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ಹಳ್ಳದ ದಂಡೆಯ ಮೇಲೆ, ಹುಣಸೆಮರಗಳ ಸಾಲಿನ ಹಿಂದೆ ಆ ಊರಿತ್ತು. ಈಗ ಅಲ್ಲಿ ಜಲಾಶಯವಿದೆ. ಊರ ಬಾಗಿಲಲ್ಲಿ ಆಳೆತ್ತರದ ಒಂದು ಕರುಗಲ್ಲು ನಿಂತಿತ್ತು. ಊರು ಕಟ್ಟುವವರು ಮೊದಲು ನೆಡುವ ಕಲ್ಲು ಅದು; ಅದನ್ನು ನೆಟ್ಟು ನೀರೆರೆದ ಮೇಲೆಯೇ ಮನೆಗಳಿಗೆ ಪಾಯ. ಹುಟ್ಟಿದ ಕರುವನ್ನು ಮೊದಲು ತಂದು ನಿಲ್ಲಿಸುತ್ತಿದ್ದದ್ದು ಅದರ ಮುಂದೆ, ಮದುವೆಯಾಗಿ ಹೊರಟ ಹೆಣ್ಣುಮಗಳು ಕೊನೆಯದಾಗಿ ಕೈಮುಗಿಯುತ್ತಿದ್ದದ್ದೂ ಅದಕ್ಕೇ. ಸಂಜೆ ಮೇದು ಬರುವ ದನಗಳು ಮೈ ತಿಕ್ಕಿ ತಿಕ್ಕಿ ಅದರ ಒಂದು ಪಕ್ಕ ನುಣ್ಣಗಾಗಿತ್ತಂತೆ. ಅದನ್ನು ನೆಟ್ಟವರು ಮೇಡಂ ಅವರ ಮನೆತನದ ಹಿರಿಯರು. ಒಂದು ಊರಿಗೆ ಒಂದೇ ಕಲ್ಲು. ಅದು ನಿಂತಿರುವವರೆಗೆ ಊರು ಉಂಟು, ಅದನ್ನು ಕಿತ್ತರೆ ಊರು ಸತ್ತಂತೆ. ಇದು ಆ ಕಣಿವೆಯ ಜನರ ಕಟ್ಟಳೆ.

ನೀರು ಬಂದದ್ದು ತುರ್ತು ಪರಿಸ್ಥಿತಿಯ ದಿನಗಳಲ್ಲಿ. ಬಾಯಿ ಬಿಟ್ಟರೆ ಮರುದಿನ ಜೀಪು ಬಂದು ನಿಲ್ಲುತ್ತಿದ್ದ ಕಾಲ ಅದು. ದೀಪಾವಳಿಯವರೆಗೆ ನೀರು ಊರು ಮುಟ್ಟುವುದಿಲ್ಲ ಎಂದು ಅಣೆಕಟ್ಟಿನ ಸಾಹೇಬರು ಮಾತು ಕೊಟ್ಟಿದ್ದರು. ಮುಟ್ಟಿದ್ದು ಶ್ರಾವಣದಲ್ಲಿ. ಅದೂ ಎದುರಿನಿಂದ ಬರಲಿಲ್ಲ. ಕಾಳು ತುಂಬಿಡಲು ಮನೆಯ ಮುಂದೆ ನೆಲದಡಿ ತೋಡಿದ ಹಗೇವಿನೊಳಗೆ ಬಂತು. ಮೇಡಂ ಅವರ ಅಜ್ಜಿ ಬೊಮ್ಮಕ್ಕ ಒಂದು ಬೆಳಿಗ್ಗೆ ಹಗೇವಿನ ಬಾಯಿ ತೆರೆದಾಗ ಹುಳಿ ವಾಸನೆ ಗಪ್ಪೆಂದು ಮುಖಕ್ಕೆ ಹೊಡೆಯಿತು. ತಳದಲ್ಲಿ ನೀರು ಒಸರಿ ವರ್ಷದ ರಾಗಿಯೆಲ್ಲ ಮುಗ್ಗಿ ಹೋಗಿತ್ತು. ಹೊರಗೆ ಒಳ್ಳೆಯ ಬಿಸಿಲು. ನಾಲ್ಕನೇ ತರಗತಿಯಲ್ಲಿದ್ದ ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಬಗ್ಗಿ ಕತ್ತಲೆಯಲ್ಲಿ ಮಿಣುಗುವ ನೀರನ್ನು ನೋಡಿದಳು. ಆ ವಾಸನೆ ಇಂದಿಗೂ ಮೂಗಿನಲ್ಲಿದೆ ಎಂದು ಮೇಡಂ ಪ್ರತಿ ವರ್ಷದ ಮೊದಲ ಪಾಠದಲ್ಲಿ ಹೇಳುತ್ತಿದ್ದರು.

ಆಮೇಲೆ ಲಾರಿ ಬಂತು, ಯಾರಿಗೆ ಯಾವ ಜಾಗ ಎಂದು ಚೀಟಿ ಎತ್ತಿಸಿದರು. ಒಂದೇ ಜಗುಲಿಯಲ್ಲಿ ಬೆಳೆದ ಅಣ್ಣತಮ್ಮಂದಿರು ನಾಲ್ಕು ತಾಲ್ಲೂಕಿಗೆ ಚದುರಿದರು. ಮೇಡಂ ಅವರ ತಂದೆಗೆ ಸವಳಂಗದ ಹತ್ತಿರದ ಕಾಲೋನಿ ಬಂತು. ಚಿಕ್ಕಪ್ಪ ಜುಂಜಪ್ಪನವರಿಗೆ ಜಗಳೂರು ಸೀಮೆಯ ಕಲ್ಲುಭೂಮಿ. ಹಳ್ಳದ ದಂಡೆಯಲ್ಲಿ ಹುಟ್ಟಿದವರನ್ನು ಕುಡಿಯುವ ನೀರಿಗೂ ಮೈಲಿ ನಡೆಯುವ ಕಡೆ ಕಳಿಸಿ, ಅದನ್ನು ಪುನರ್ವಸತಿ ಎಂದು ಕರೆದವರ ಬುದ್ಧಿಗೆ ಏನು ಹೇಳೋಣ. ಹೊರಡುವ ದಿನ ಕರುಗಲ್ಲನ್ನು ಲಾರಿಗೆ ಹೇರೋಣ ಎಂದು ಕೆಲವರು ಎಂದಾಗ ಬೊಮ್ಮಕ್ಕ ಅಡ್ಡ ಕುಳಿತರಂತೆ. "ಅದನ್ನ ಮುಟ್ಟಬ್ಯಾಡ್ರಿ. ಅದು ನಿಂತಿರ್ಲಿ. ಊರು ಎಲ್ಲೂ ಹೋಗಿಲ್ಲ, ನಾವು ಹೊರಗೆ ಬಂದೀವಿ ಅಷ್ಟೆ."

ಹೀಗಾಗಿ ನಾಲ್ಕು ತಾಲ್ಲೂಕಿನ ಯಾವ ಕಾಲೋನಿಯಲ್ಲೂ ಅವರು ಹೊಸ ಕಲ್ಲು ನೆಡಲಿಲ್ಲ, ಹೆಸರನ್ನೂ ಇಡಲಿಲ್ಲ. ಇಂದಿಗೂ ಅವು ನಂಬರ್ ಒಂದು, ನಂಬರ್ ಎರಡು. ಬಿರುಬೇಸಿಗೆಯಲ್ಲಿ ಜಲಾಶಯದ ನೀರು ತಗ್ಗಿ ಊರ ಬಾಗಿಲು ಹೊರಬಿದ್ದ ವರ್ಷ, ಪ್ರತಿ ಮನೆಯವರೂ ತಮ್ಮ ತಮ್ಮ ಕಾಲೋನಿಯ ನಲ್ಲಿಯಿಂದ ಒಂದು ಬಿಂದಿಗೆ ನೀರು ಹಿಡಿದು, ಬಸ್ಸು ಹತ್ತಿ, ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಹೋಗಿ ಆ ಕಲ್ಲಿಗೆ ಎರೆಯುತ್ತಿದ್ದರು. ಅಲ್ಲೇ ಬುತ್ತಿ ಬಿಚ್ಚಿ ಉಂಡು ಬರುತ್ತಿದ್ದರು. ಜಲಾಶಯಕ್ಕೆ ನೀರು ಹೊರುವ ದಡ್ಡರು ಎಂದು ಕಂಡಕ್ಟರುಗಳು ನಗುತ್ತಿದ್ದರು. ನಗಲಿ. ಜಗಳೂರಿನಿಂದ ಬರುವ ಬಿಂದಿಗೆಯ ಬೆಲೆ ಅವರಿಗೇನು ಗೊತ್ತು.

ಮೇಡಂ ಅವರ ಮೊದಲ ನೇಮಕಾತಿ ಜಗಳೂರು ತಾಲ್ಲೂಕಿನಲ್ಲಾಯಿತು. ಚಿಕ್ಕಪ್ಪನ ಮನೆಯಲ್ಲೇ ಉಳಿದು ಶಾಲೆಗೆ ನಡೆದು ಹೋಗುತ್ತಿದ್ದರು. ಕಾಲೋನಿಯ ಮಕ್ಕಳನ್ನು ಅಲ್ಲಿ "ಮುಳುಗಡೆ" ಎಂದೇ ಕೂಗುತ್ತಿದ್ದರು. ಹಾಜರಿ ಕರೆಯುವ ಗುರುಗಳ ಬಾಯಲ್ಲೂ ಅದೇ. ಹೊಸ ಮೇಡಂ ಮೊದಲ ದಿನವೇ ಪ್ರಾರ್ಥನೆಯ ಸಾಲಿನ ಮುಂದೆ ನಿಂತು, "ನಾನೂ ಮುಳುಗಡೆಯವಳು. ಇನ್ನು ಮೇಲೆ ಆ ಹೆಸರು ಹಿಡಿದು ಕೂಗುವವರು ಮೊದಲು ನನ್ನನ್ನು ಕೂಗಿ" ಎಂದರು. ಆಮೇಲೆ ಯಾರೂ ಕೂಗಲಿಲ್ಲ. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಬಿದರಗಾವಲನ್ನು ಬರೆಸಿದ್ದೂ ಅಲ್ಲಿಯೇ. ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬಂದು ಇಲ್ಲಿ ಕಣ, ಇಲ್ಲಿ ಹುಣಸೆಮರ, ಇಲ್ಲಿ ನಮ್ಮ ದೊಡ್ಡಪ್ಪನ ದನದ ಕೊಟ್ಟಿಗೆ ಎಂದು ಗುರುತು ಹಾಕುತ್ತಿದ್ದರೆ, ಬೇಲಿಯಾಚೆ ನಿಂತ ಮುದುಕಿಯರು ತಾಳಲಾರದೆ ಒಳಗೆ ನುಗ್ಗಿ ಗೆರೆಯನ್ನು ಅಳಿಸಿ ತಿದ್ದುತ್ತಿದ್ದರು. ಒಂದು ಮನೆಯ ಬಾಗಿಲು ಎಲ್ಲಿತ್ತೆಂಬುದರ ಬಗ್ಗೆ ಎರಡು ಮನೆಯವರಿಗೆ ಹಳೆಯ ಜಗಳ ಮರುಕಳಿಸಿ, ಮೇಡಂ ನಡುವೆ ನಿಂತು ಬಿಡಿಸಬೇಕಾಯಿತು.

ಹೊನ್ನಾಳಿಯಲ್ಲಿ, ಚನ್ನಗಿರಿಯಲ್ಲಿ, ಗೋವಿನಕೋವಿಯಲ್ಲಿ ಅವರು ಸೇವೆ ಸಲ್ಲಿಸಿದ ವರ್ಷಗಳನ್ನು ಇತರ ಲೇಖಕರು ವಿವರಿಸಿದ್ದಾರೆ. ಇಲ್ಲಿ ಒಂದನ್ನು ಮಾತ್ರ ನೆನೆಯಬೇಕು. ಸವಳಂಗದ ಕಡೆಯ ನಂಬರ್ ಎರಡು ಕಾಲೋನಿಯ ಮುಂದೆ ಬಸ್ಸು ನಿಲ್ಲುತ್ತಿರಲಿಲ್ಲ. ಹೆಸರಿಲ್ಲದ ಊರಿಗೆ ಟಿಕೆಟ್ ಹೆಂಗೆ ಕೊಡಾಕಾಗ್ತೈತೆ ಎಂಬುದು ಕಂಡಕ್ಟರರ ವಾದ. ಸುಚಿತ್ರಾ ಎಂಬ ಹುಡುಗಿ ಓಡುವ ಬಸ್ಸಿನಿಂದ ಇಳಿಯಹೋಗಿ ಬಿದ್ದು ಕೈ ಮುರಿದುಕೊಂಡಳು. ಮರುದಿನ ಬೆಳಿಗ್ಗೆ ಮೇಡಂ ರಸ್ತೆಯ ನಡುವೆ ಕುರ್ಚಿ ಹಾಕಿಕೊಂಡು ಕುಳಿತು ಹತ್ತನೇ ತರಗತಿಯ ಪಾಠ ಶುರು ಮಾಡಿದರು. ಎರಡೂ ಕಡೆ ವಾಹನಗಳು ನಿಂತವು. ಪಾಠ ಮುಗಿಯುವ ತನಕ ಅವರು ಏಳಲಿಲ್ಲ. ಅಂದಿನಿಂದ ಅಲ್ಲಿ ಬಸ್ಸು ನಿಲ್ಲುತ್ತದೆ. ಸುಚಿತ್ರಾ ಈಗ ಅದೇ ಮಾರ್ಗದ ಬಸ್ಸಿನಲ್ಲಿ ನಿರ್ವಾಹಕಿ.

ಇಷ್ಟು ಗಟ್ಟಿಯಾದ ಮೇಡಂ ಒಂದೇ ಒಂದು ಕಡೆ ನಂಬಿ ಕೆಟ್ಟರು. ಒಂಬತ್ತು ವರ್ಷದ ಹಿಂದಿನ ಬರದ ಬೇಸಿಗೆಯಲ್ಲಿ ನೀರು ತಗ್ಗಿ ಕರುಗಲ್ಲು ಕಾಣಿಸಿಕೊಂಡಾಗ, ನೀರಾವರಿ ಇಲಾಖೆಯ ಒಬ್ಬ ಅಧಿಕಾರಿಯನ್ನು ತಾವೇ ಕೆಸರಿನಲ್ಲಿ ನಡೆಸಿಕೊಂಡು ಹೋಗಿ ಅದನ್ನು ತೋರಿಸಿದರು. ಇಲ್ಲಿ ಬಿದರಗಾವಲು ಇತ್ತು ಎಂದು ಒಂದು ಫಲಕ ಹಾಕಿಸಿಕೊಡಿ ಎಂದಷ್ಟೇ ಕೇಳಿದರು. ಅಧಿಕಾರಿ ಕಲ್ಲಿಗೆ ಕೈಮುಗಿದು, ಎಳನೀರು ಕುಡಿದು ಹೋದರು. ವಾರ ಕಳೆಯುವುದರೊಳಗೆ ಕ್ರೇನು ಬಂದು ಕಲ್ಲನ್ನು ಕಿತ್ತು, ಅಣೆಕಟ್ಟಿನ ಅತಿಥಿಗೃಹದ ತೋಟದಲ್ಲಿ ಕಾರಂಜಿಯ ಪಕ್ಕ ಸಿಮೆಂಟು ಹಾಕಿ ನಿಲ್ಲಿಸಿತ್ತು. ಮೈಗೆಲ್ಲ ಹಳದಿ ಕೆಂಪು ಆಯಿಲ್ ಪೇಂಟು. ಅದರ ಬುಡದ ಫಲಕದಲ್ಲಿ "ಪುರಾತನ ಶಿಲೆ" ಎಂದಿದೆ, ಬಿದರಗಾವಲಿನ ಹೆಸರಿಲ್ಲ. ಓಡಿ ಬಂದ ಮೇಡಂ ಅವರಿಗೆ ಆ ಮಹಾಶಯರು ಕೊಟ್ಟ ಉತ್ತರ ಇದು: "ಅಲ್ಲಿ ಬೋರ್ಡ್ ಹಾಕಿದ್ರೆ ಯಾರು ನೋಡ್ತಾರೆ ಮೇಡಂ, ಮೀನು ನೋಡ್ತಾವೆ. ಇಲ್ಲಾದ್ರೆ ಜನ ಫೋಟೊ ತೆಗೆಸ್ಕೊಳ್ತಾರೆ." ಇಡೀ ಊರನ್ನು ನುಂಗಿದ ಮೇಲೂ ಹೊಟ್ಟೆ ತುಂಬದವರು ಉಳಿದಿದ್ದ ಒಂದು ಕಲ್ಲಿಗೂ ಕೈ ಹಾಕಿದರು.

ಜಗಳೂರಿನಲ್ಲಿ ಜುಂಜಪ್ಪನವರು ತಲೆ ಬೋಳಿಸಿಕೊಂಡು ಊರಿಗೆ ತಿಥಿ ಮಾಡಿದರು. ನಾಲ್ಕೂ ತಾಲ್ಲೂಕಿನಿಂದ ಕಣಿವೆಯ ಜನ ಬಂದರು. ಮೇಡಂ ಅವರಿಗೆ ಕರೆ ಬರಲಿಲ್ಲ. ಆದರೂ ಹೋದರು. ಚಿಕ್ಕಪ್ಪ ಎಲ್ಲರ ಮುಂದೆ ಹೇಳಿದ ಮಾತನ್ನು ಅಲ್ಲಿದ್ದವರು ಯಾರೂ ಮರೆತಿಲ್ಲ: "ನೀರು ಊರನ್ನ ಮುಳುಗಿಸಿತ್ತು. ಕೀಳಿಸಿದೋಳು ನೀನು." ಆಮೇಲೆ ಅವರು ತಮ್ಮ ಮನೆಯಲ್ಲಿ ಮಗಳಂತೆ ಇದ್ದವಳೊಡನೆ ಮಾತು ಬಿಟ್ಟರು. ಮೇಡಂ ನೇರ ಅತಿಥಿಗೃಹಕ್ಕೆ ಬಂದು ಕಲ್ಲು ವಾಪಸು ಕೊಡಿ ಎಂದು ಕೇಳಿದರು. ಅಂದಿನಿಂದ ಕೇಳುತ್ತಲೇ ಇದ್ದಾರೆ. ಅಧಿಕಾರಿಗಳು ಬದಲಾದರು, ಉತ್ತರ ಬದಲಾಗಲಿಲ್ಲ: ಕಲ್ಲು ಇಲಾಖೆಯ ಸ್ವತ್ತು, ತೋಟಕ್ಕೆ ಪ್ರವೇಶ ಪ್ರವಾಸಿಗರಿಗೆ ಮಾತ್ರ, ಬಿಂದಿಗೆ ಒಯ್ಯುವಂತಿಲ್ಲ. ಎರಡು ಸಲ ಅವರನ್ನು ಗೇಟಿನಿಂದಲೇ ಹೊರದಬ್ಬಿದರು. ಶಾಲೆಯಲ್ಲಿ ಗುಡುಗುವ ಮೇಡಂ ಆ ಗೇಟಿನ ಮುಂದೆ ಬಿಸಿಲಿನಲ್ಲಿ ನಿಂತದ್ದನ್ನು ಕಂಡವರು ನಾವು. ಆ ಕಲ್ಲು ಮತ್ತೆ ಊರ ಬಾಗಿಲಲ್ಲಿ ನಿಲ್ಲುವ ತನಕ ಅವರಿಗೆ ಬೇರೆ ಯಾವ ಗೌರವವೂ ಬೇಡವಾಗಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಅಧ್ಯಕ್ಷರು ಸನ್ಮಾನವನ್ನು ಎಲ್ಲಿ ಗೊತ್ತು ಮಾಡಿದರು? ಅದೇ ತೋಟದಲ್ಲಿ, ಅದೇ ಕಲ್ಲಿನ ಮುಂದೆ, ಅದೇ ಇಲಾಖೆಯ ಸಹಕಾರದೊಂದಿಗೆ. ಮೇಡಂ ಅವರ ತವರೂರಿನ ಗುರುತಿದೆಯಲ್ಲ, ಫೋಟೊ ಚೆನ್ನಾಗಿ ಬರುತ್ತದೆ ಎಂದರಂತೆ. ಅಧ್ಯಕ್ಷರಿಗೆ ಆ ಜಲಾಶಯದ ದೋಣಿ ವಿಹಾರದ ಗುತ್ತಿಗೆ ಇರುವುದನ್ನು ಇಂಥ ಸಂಪುಟದಲ್ಲಿ ಪ್ರಸ್ತಾಪಿಸುವುದು ಸೌಜನ್ಯವಲ್ಲ. ಸಮಿತಿಯ ಕಾರ್ಯದರ್ಶಿ, ಹೊನ್ನಾಳಿಯಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಸುದೀಪ್, ಈ ಸುದ್ದಿಯನ್ನು ತಲೆ ತಗ್ಗಿಸಿಕೊಂಡೇ ಮೇಡಂ ಅವರಿಗೆ ಮುಟ್ಟಿಸಿದ. ಬೈಗುಳಕ್ಕೆ ಸಿದ್ಧನಾಗಿದ್ದ. ಮೇಡಂ "ಕುರ್ಚಿ, ಶಾಮಿಯಾನ ಯಾರು ಸಾಗಿಸ್ತಾರೆ?" ಎಂದು ಕೇಳಿದರು. ನಾನೇ ಎಂದ. "ಹಂಗಾದ್ರೆ ಆಗ್ಲಿ" ಎಂದರು.

ಮರುದಿನ ಅವರು ಜಗಳೂರಿನ ಬಸ್ಸು ಹತ್ತಿದರು. ಎಂಬತ್ತರ ಹತ್ತಿರವಿರುವ ಜುಂಜಪ್ಪನವರು ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದರು, ತಲೆ ಎತ್ತಲಿಲ್ಲ. ಮೇಡಂ ನಿಂತಲ್ಲೇ ಹೇಳಿದರು:

"ಚಿಕ್ಕಪ್ಪ, ಆ ಕಲ್ಲಿನ ಮುಂದೆ ನನಗೆ ಶಾಲು ಹೊದಿಸ್ತಾರಂತೆ. ಹೂಂ ಅಂದೀನಿ."

ಮುದುಕರ ಕೈ ನಿಂತಿತು. ಮೇಡಂ ಮುಂದುವರಿಸಿದರು: "ಆವತ್ತು ಗೇಟು ತೆರೆದಿರ್ತೈತೆ. ನಮ್ಮೋರೆಲ್ಲ ಒಳಗೆ ಬರಬಹುದು. ಕುರ್ಚಿ ಇಳಿಸಾಕೆ ಟ್ರ್ಯಾಕ್ಟರೂ ಒಳಗೇ ಬರ್ತೈತೆ. ಅದು ಖಾಲಿ ವಾಪಸ್ ಹೋಗಬೇಕಂತ ಏನೈತೆ? ಈಗ ನೀರೂ ತಗ್ಗೈತೆ, ಊರ ಬಾಗಿಲು ಕಾಣ್ತೈತೆ."

"ತಿಥಿ ಮಾಡಿ ಮುಗಿಸೀನಲ್ಲ" ಎಂದರು ಜುಂಜಪ್ಪ. ಒಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತು.

ಅಲ್ಲಿ ಮೇಡಂ ಅವರ ಸಿಟ್ಟು ಕಟ್ಟೆ ಒಡೆಯಿತು. "ಯಾರನ್ನ ಕೇಳಿ ಮಾಡಿದೆ ನೀನು? ಕಲ್ಲು ಒಡೆದಿಲ್ಲ, ಬರೀ ಬಣ್ಣ ಬಳಿದಾರೆ. ಕಿತ್ತಿದ್ದು ನನ್ನಿಂದ, ಒಪ್ಕೊಂಡೆ. ಆದ್ರೆ ನೆಡೋ ಕೈ ನಿಂದು. ನೀನೂ ಹೋದ ಮೇಲೆ ನಾನು ಯಾರನ್ನ ಕರೀಲಿ?"

ಜುಂಜಪ್ಪ ಉಳಿದ ಸೊಪ್ಪನ್ನೆಲ್ಲ ಮರಿಗಳ ಮುಂದೆ ಸುರಿದು ಕೈ ಒರೆಸಿಕೊಂಡರು.

"ಕೇಸು ಹಾಕ್ತಾರೆ."

"ಹಾಕ್ಲಿ."

"ಹಾಕಿದ್ರೆ ಮೊದಲ್ನೇ ಹೆಸರು ನಂದಿರ್ಬೇಕು. ಮನೇಲಿ ಹಿರೇರಿದ್ದಾಗ ನಿನ್ನ ಹೆಸರು ಮುಂದೆ ಬರೆಸಾಕೆ ನಾನೇನು ಸತ್ತಿಲ್ಲ. ಒಳಗೆ ಬಾ, ಉಂಡು ಹೋಗು."

ಇದನ್ನು ಬರೆಯುತ್ತಿರುವ ಹೊತ್ತಿಗೆ ಕಲ್ಲು ಇನ್ನೂ ತೋಟದಲ್ಲಿದೆ. ಈ ಸಂಪುಟ ಬಿಡುಗಡೆಯಾಗಿ ನಿಮ್ಮ ಕೈಗೆ ಬಂದಾಗ ಇರುವುದಿಲ್ಲ, ಟ್ರ್ಯಾಕ್ಟರಿನ ಮೇಲಿರುತ್ತದೆ. ಅಭಿನಂದನ ಗ್ರಂಥವನ್ನು ಮುಂಚಿತವಾಗಿ ಯಾರೂ ಓದುವುದಿಲ್ಲ, ಅದರಲ್ಲೂ ಅಧ್ಯಕ್ಷರು ಖಂಡಿತ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇಷ್ಟನ್ನು ಅಚ್ಚಿಗೆ ಕೊಟ್ಟಿದ್ದೇವೆ. ಸಮಾರಂಭಕ್ಕೆ ಬಂದವರು ಹಾರ ತುರಾಯಿಯನ್ನು ಅಲ್ಲೇ ಬಿಡಿ; ತಮ್ಮ ಮನೆಯ ನಲ್ಲಿಯಿಂದ ಒಂದು ಬಿಂದಿಗೆ ನೀರು ತಂದಿದ್ದರೆ, ಟ್ರ್ಯಾಕ್ಟರಿನ ಹಿಂದೆ ಕೆಸರಿಗಿಳಿದು ಬನ್ನಿ.

ನಿವೃತ್ತರಾಗುವವರಿಗೆ ನೂರು ವರ್ಷ ಆಯಸ್ಸು ಕೋರುವುದು ರೂಢಿ. ನಮ್ಮಲ್ಲಿ ಒಂದು ಮೊಕದ್ದಮೆ ಎಷ್ಟು ಕಾಲ ನಡೆಯುತ್ತದೆಂದು ಎಲ್ಲರಿಗೂ ಗೊತ್ತು. ಇದು ಎಷ್ಟು ಎಳೆದರೂ ಅದಕ್ಕಿಂತ ಒಂದು ದಿನ ಹೆಚ್ಚೇ ದುರ್ಗಾಂಬಿಕಾ ಮೇಡಂ ಮತ್ತು ಅವರ ಚಿಕ್ಕಪ್ಪ ಗಟ್ಟಿಮುಟ್ಟಾಗಿ ಬಾಳಲಿ. ಪ್ರತಿ ವಾಯಿದೆಗೂ ಅವರನ್ನು ಕಟಕಟೆಗೆ ಕರೆಯಲಿ. ಹೆಸರೇನು ಎಂದು ಕೇಳಲಿ, ಊರು ಯಾವುದು ಎಂದು ಕೇಳಲಿ. ಇಬ್ಬರೂ ಬಿದರಗಾವಲು ಎನ್ನಲಿ, ಸರ್ಕಾರ ತನ್ನ ಕೈಯಾರೆ ಅದನ್ನು ಬರೆದುಕೊಳ್ಳಲಿ.