ಪಂಚರ್ ಆಗುವ ಜಾಗ

ನಮ್ಮತ್ತಿಗೆ ಲಾಂಡ್ರಿಯಲ್ಲಿ ಅಂಗಿಯ ಕಾಲರುಗಳಿಗೆ ಇಸ್ತ್ರಿ ಹಾಕುವವಳು. ಅಣ್ಣ ತೀರಿಕೊಂಡ ವಾರವೇ ಕೆಲಸಕ್ಕೆ ಹೊರಟಳು. ಕಲ್ಲು ಮನಸ್ಸಿನವಳೆಂದು ನೆರೆಯವರು ಆಡಿಕೊಂಡರು, ಆಡುವ ಬಾಯಿಗೇನು. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೆ. ಇಸ್ತ್ರಿ ತಾಗಿ ಮುಂಗೈ ಸುಟ್ಟದ್ದನ್ನೂ ಪಕ್ಕದವಳು ಹೇಳಿದ ಮೇಲೆ ನೋಡಿಕೊಂಡಳಂತೆ. ಅಮ್ಮನಂತೂ ಅಡುಗೆಮನೆ ಸೇರಿ ಹೂಂ, ಉಹೂಂಗಳಲ್ಲೇ ದಿನ ನೂಕುತ್ತಿದ್ದಳು.

ಅಣ್ಣ ಬಿಟ್ಟುಹೋದದ್ದು ಕಾನ್ಸರ್ಟಿನಾ ಎಂಬ ಒಂದು ಕೈವಾದ್ಯ. ನಡುವೆ ತಿದಿ, ಎರಡೂ ಬದಿಗೆ ಗುಂಡಿಗಳು. ಹಟಮಾರಿ ಜಾತಿಯದು: ಒಂದೇ ಗುಂಡಿ ತಿದಿ ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಸಾಲದ್ದಕ್ಕೆ, ಹಿಂದೆಂದೋ ಬಾಗಿಲಿಗೆ ಸಿಕ್ಕಿದ್ದ ಅವನ ಎಡಗೈ ಉಂಗುರಬೆರಳು ಮಡಚುತ್ತಿರಲಿಲ್ಲ. ಅವನಿಗೆ ಬರುತ್ತಿದ್ದದ್ದು ಒಂದೇ ಹಾಡು. ಅದರ ಮೂರನೆಯ ಸಾಲಿಗೆ ಆ ಬೆರಳೇ ಬೇಕು. ಅಲ್ಲಿ ನಿಂತು, ತೆರೆದ ತಿದಿಯನ್ನು ಹುಸ್ಸೆಂದು ಮುಚ್ಚಿ, ಬೇರೆ ಬೆರಳಿನಿಂದ ಬೇರೆ ಗುಂಡಿ ಹಿಡಿದು ಎಳೆಯುತ್ತಿದ್ದ. ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರೆ. ಬೆರಳೇ ಡೊಂಕಾದ ನಮ್ಮಣ್ಣ ಏನನ್ನೂ ದೂರಲಿಲ್ಲ. ಹುಸ್ಸೆಂದಾಗಲೆಲ್ಲ ಅಮ್ಮ ಒಳಗಿನಿಂದ, "ಪಂಚರ್ ಆಯ್ತಾ?" ಎನ್ನುವಳು. "ಆಯ್ತಮ್ಮ" ಎಂದು ಅವನು ಮುಂದುವರಿಸುವನು.

ಆ ಹಾಡನ್ನು ಸರಿಯಾಗಿ ಕಲಿತರಾದರೂ ಏನಾದರೂ ಅನ್ನಿಸೀತೆಂದು ಅತ್ತಿಗೆ ವಾದ್ಯ ರಿಪೇರಿಯವನ ಬಳಿ ಹೋದಳು. ಜೊತೆಗೆ ನಾನೂ ಹೋದೆ. ಅವಳು ನುಡಿಸಿದ್ದನ್ನು ನೋಡಿ ಅವನು ಕೇಳಿದ:

"ಈ ಬೆರಳು ಚೆನ್ನಾಗೇ ಇದೆಯಲ್ಲ, ಯಾಕೆ ಎತ್ತಿಟ್ಕೊಂಡಿದೀರಿ?"

ಗಂಡನ ಕೈ ನೋಡಿ ಕಲಿತವಳು. ಬೆರಳು ಸೆಟೆಸಿ ಹಿಡಿಯುವುದೇ ಕ್ರಮ ಎಂದುಕೊಂಡಿದ್ದಳು.

ಅವನು ಸರಿಯಾದ ಬೆರಳು ತೋರಿಸಿದ. ಮೂರನೆಯ ಸಾಲು ತಡೆಯಿಲ್ಲದೆ ಹರಿಯಿತು. ಇದೂ ಕಷ್ಟವೆನಿಸಿದರೆ, ಒತ್ತಿದರೂ ಎಳೆದರೂ ಒಂದೇ ಸ್ವರ ಕೊಡುವ ಪೆಟ್ಟಿಗೆ ತನ್ನಲ್ಲಿದೆ, ಇದನ್ನು ಕೊಟ್ಟು ಅದನ್ನು ಒಯ್ಯಬಹುದು, ಬೇರೊಬ್ಬರೂ ಕೇಳಿದ್ದಾರೆ, ನಾಳೆಯೇ ತಿಳಿಸಿ ಎಂದ.

ಸಂಜೆ ಮನೆಯಲ್ಲಿ ಅತ್ತಿಗೆ ಹಾಡನ್ನು ಸರಿಯಾಗಿ ನುಡಿಸಿದಳು. ಒಂದು ತಪ್ಪಿಲ್ಲ. "ಯಾರದೋ ಹಾಡಿನ ಥರ ಇದೆ. ಕೊಟ್ಬಿಡೋಣ ಬಿಡು" ಎಂದಳು. ನನಗೂ ಬೇಡವೆನ್ನುವಷ್ಟು ಜೀವವಿರಲಿಲ್ಲ.

ಕೊಡುವ ಮುಂಚೆ ಒಮ್ಮೆ ಹಳೆಯ ರೀತಿಯಲ್ಲಿ ನುಡಿಸಿದಳು. ಉಂಗುರಬೆರಳು ಸೆಟೆಯಿತು. ಮೂರನೆಯ ಸಾಲು ಬಂತು. ಹುಸ್.

"ಪಂಚರ್ ಆಯ್ತಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತಾನೇನು ಅಂದೆನೆಂದು ಅಮ್ಮನಿಗೆ ಆಮೇಲೆ ಹೊಳೆದಿರಬೇಕು. ಅತ್ತಿಗೆಯ ಗಲ್ಲ ನಡುಗುತ್ತಿತ್ತು.

"ಆಯ್ತತ್ತೆ" ಎಂದಳು, ಮುಂದಿನ ಸ್ವರ ಎಳೆದಳು.